ನನ್ನ ಅಕ್ಕನ ಸಾವನ್ನು ಇನ್ನೊಮ್ಮೆ ಓದಿಸಿ

ರಾಜಧಾನಿಯಲ್ಲಿ ಕುಳಿತು ಈ ಕಾಗದ ಒಡೆದಿರುವ ಮಹಾರಾಯರೇ, ನೀವು ಯಾರೇ ಆಗಿರಿ, ಮೊದಲು ಬಾಯಲ್ಲಿರುವುದನ್ನು ನುಂಗಿ ನೆಟ್ಟಗೆ ಕುಳಿತುಕೊಳ್ಳಿ. ಮುದುಕಿಯ ಕೈಬರಹವೆಂದು ಮೂಗು ಮುರಿಯಬೇಡಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಕೈ ಇಷ್ಟು ಬರೆಯುವುದೇ ಹೆಚ್ಚು. ಮೇಲೊಂದು ಮೊಹರು ಒತ್ತಿ ಪಕ್ಕದ ಮೇಜಿಗೆ ತಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇದರ ಇನ್ನೊಂದು ಪ್ರತಿ ಪತ್ರಿಕೆಗೆ ಹೋಗಿದೆ. ನಿಮ್ಮ ಯಜಮಾನರು ಓದುವ ಮೊದಲು ಊರು ಓದಿರುತ್ತದೆ. ಈಗ ಎದ್ದು ಹೋಗಿ ಇದನ್ನು ಅವರ ಕೈಗೇ ಕೊಡಿ.

ಮಾನ್ಯ ವಾರ್ತಾ ಸಚಿವರೇ,

ನನ್ನ ಅಕ್ಕ ಸತ್ತ ಸುದ್ದಿಯನ್ನು ನೀವು ಪರವಾನಗಿ ಕೊಟ್ಟ ರೇಡಿಯೋ ನನಗೆ ಹೇಳಿತು. ನಾನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದೆ. ಆದರೂ ಸತ್ತವಳು ನನ್ನ ಅಕ್ಕ ಎಂದು ನನಗೆ ತಿಳಿಯಲಿಲ್ಲ. ಇದೇ ನನ್ನ ದೂರು. ಇದು ಹೇಗಾಯಿತು ಎಂದು ಹೇಳುತ್ತೇನೆ, ಸಾವಧಾನವಾಗಿ ಕೇಳಿ. ಪರದೇಶದ ರಾಯಭಾರಿಗಳ ಮಾತನ್ನು ಗಂಟೆಗಟ್ಟಲೆ ಕೇಳುವ ನಿಮಗೆ ಇದು ಕಷ್ಟವಾಗಲಾರದು.

ನಮ್ಮ ಸರೋವರದ ದಂಡೆಯ ರೇಡಿಯೋ ಹುಟ್ಟಿದ್ದೇ ದಾನದಿಂದ, ಅದನ್ನು ನಾನು ಮರೆತಿಲ್ಲ. ಕಡಲಾಚೆಯ ಒಂದು ದೇಶ ಗುಡ್ಡದ ಮೇಲೆ ಕಂಬ ನೆಟ್ಟು, ಕೆಳಗೊಂದು ತಗಡಿನ ಮನೆ ಕಟ್ಟಿಸಿ, ಬಾಗಿಲಿಗಿಂತ ದೊಡ್ಡ ಫಲಕದಲ್ಲಿ ತನ್ನ ಬಾವುಟ ಬರೆಸಿ ಹೋಯಿತು. ಆಗ ಸಂಜೆ ಏಳಕ್ಕೆ ಮೊದಲಿನ ಕಾಲು ಗಂಟೆ ನಮ್ಮ ಸತ್ತವರದ್ದಾಗಿತ್ತು. ಓದುತ್ತಿದ್ದವರು ಮ್ಹೋನೆ ಮೇಷ್ಟ್ರು. ಅವರಿಗೆ ಆತುರವೆಂಬುದೇ ಇರಲಿಲ್ಲ. ಸತ್ತವಳು ಯಾರ ಮಗಳು, ಯಾವ ಊರಿನ ಯಾವ ಹಳ್ಳದ ಬದಿಯ ಮನೆಯವಳು, ಎಲ್ಲಿಗೆ ಕೊಟ್ಟಿದ್ದರು, ತಂಗಿ ಎಲ್ಲಿದ್ದಾಳೆ, ತಮ್ಮ ಯಾವ ಗಣಿಯಲ್ಲಿದ್ದಾನೆ, ಎಲ್ಲವನ್ನೂ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದರು. ನಮ್ಮ ಟೋಂಗಾ ಜನರಲ್ಲಿ ಹೆಣ್ಣಿಗೆ ತವರಿನ ಹೆಸರು ಸಾಯುವವರೆಗೆ. ಲೊಂಗ್ವೆ ಮನೆಯಲ್ಲಿ ಹುಟ್ಟಿದವಳು ನ್ಯಾಲೊಂಗ್ವೆ. ಅವಳನ್ನು ಕಮಾಂಗನಿಗೆ ಕೊಡಿ, ಚಿರ್ವನಿಗೆ ಕೊಡಿ, ಅವಳು ನ್ಯಾಲೊಂಗ್ವೆಯೇ. ನಮ್ಮ ಹೆಸರು ಮೇಷ್ಟ್ರ ಬಾಯಲ್ಲಿ ಬಂತೋ, ಒಲೆಯ ಮೇಲಿನ ಗಡಿಗೆಯನ್ನು ಹಾಗೇ ಬಿಟ್ಟು, ಸೊಂಟಕ್ಕೆ ಚಿತೆಂಜೆ ಬಟ್ಟೆ ಬಿಗಿದು ಹೊರಟುಬಿಡುತ್ತಿದ್ದೆವು. ರೇಡಿಯೋ ಕೂಗಿದ ಮೇಲೆ ಬಾರದವರನ್ನು ಸಾವಿನ ಮನೆಯವರು ಮತ್ತೆ ತಮ್ಮ ಚಾಪೆಯ ಮೇಲೆ ಕೂರಿಸುವುದಿಲ್ಲ. ನಿಮಗಿದು ಗೊತ್ತು. ನೀವೂ ನಮ್ಮ ಸರೋವರದ ನೀರು ಕುಡಿದೇ ಬೆಳೆದವರು ಎಂದು ಚುನಾವಣೆಯಲ್ಲಿ ಹೇಳಿದ್ದಿರಿ.

ಆಮೇಲೆ ಆ ದೇಶದ ದೊರೆ ಬದಲಾದ. ಹೊಸ ದೊರೆಗೆ ನಾವು ಬೇಡವಾದೆವು, ನೆರವು ನಿಂತಿತು. ಅವರು ಕುಳಿತಿದ್ದ ಜಾಗ ತಣ್ಣಗಾಗುವ ಮೊದಲೇ ಇನ್ನೊಂದು ದೇಶ ಬಂದು ಕುಳಿತಿತು. ಶಾಲೆಗೊಂದು ಡಿಶ್, ಚರ್ಚಿಗೊಂದು ಡಿಶ್, ಊರ ಮುಖ್ಯಸ್ಥನ ಮನೆಗೆ ಎಲ್ಲಕ್ಕಿಂತ ದೊಡ್ಡ ಡಿಶ್. ರೇಡಿಯೋಕ್ಕೆ ಹೊಸ ಯಂತ್ರ. ಬದಲಿಗೆ ಕೇಳಿದ್ದು ಹೆಚ್ಚೇನಲ್ಲ, ಏಳು ಗಂಟೆಗೆ ಅರ್ಧ ಗಂಟೆ ತಮ್ಮ ಸುದ್ದಿ, ಅದೂ ನಮ್ಮದೇ ಮಾತಿನಲ್ಲಿ. ಇದನ್ನು ಕಂಡು ಮೊದಲಿನವರಿಗೆ ನಮ್ಮ ಮೇಲೆ ಮತ್ತೆ ಪ್ರೀತಿ ಉಕ್ಕಿತು. ಓಡಿ ಬಂದು, ಏಳು ಗಂಟೆಗೆ ನೀವು ಕೇಳುವುದು ಸುಳ್ಳು, ಸುಳ್ಳನ್ನು ಗುರುತಿಸುವುದು ಹೇಗೆಂದು ಏಳೂವರೆಗೆ ನಾವು ಕಲಿಸುತ್ತೇವೆ ಎಂದರು. ಮೂರನೆಯವರೊಬ್ಬರು ಬಾವುಟ ಅಚ್ಚು ಹಾಕಿದ ಹಿಟ್ಟಿನ ಚೀಲ ಹಂಚಿದರು, ಆ ಹಿಟ್ಟಿನ ಮೇಲೊಂದು ಹಾಡು ಕಟ್ಟಿಸಿ ಎಂಟು ಗಂಟೆಗೆ ಹಾಕಿಸಿದರು. ಸಚಿವರೇ, ನಾನು ಬಹಳ ವರ್ಷ ಬದುಕಿದ್ದೇನೆ, ಹಿಟ್ಟನ್ನು ಹಾಡಿ ಹೊಗಳಿದವರನ್ನು ಕಂಡಿರಲಿಲ್ಲ. ನಮ್ಮ ಮರಗೆಣಸಿನ ಹಿಟ್ಟಿಗೆ ಯಾರೂ ಹಾಡು ಕಟ್ಟಿಲ್ಲ, ಅದರ ಮುದ್ದೆ ತಿಂದೇ ನಾವೆಲ್ಲ ದೊಡ್ಡವರಾದೆವು.

ಇದನ್ನೆಲ್ಲ ಓದುವವನು ಒಬ್ಬನೇ, ಟಿಯೆಜ್ಗೆ ಎಂಬ ಹುಡುಗ. ನನ್ನ ನೆರೆಮನೆಯ ನ್ಯಾಂಫಾಂಡೆಯ ಮೊಮ್ಮಗ. ನಾನು ಅವಳನ್ನು ಕೆಣಕುತ್ತಿದ್ದೆ: "ಏನೇ, ನಿನ್ ಮೊಮ್ಮಗ ಏಳು ಗಂಟೆಗೆ ಒಬ್ಳ ಕೈ ಹಿಡೀತಾನೆ, ಏಳೂವರೆಗೆ ಅವಳ ಸವತಿ ಕೈ ಹಿಡೀತಾನೆ. ಯಾವ್ದೇ ನಿಜವಾದ ಸಂಸಾರ?" ಅವಳೇನು ಕಡಿಮೆಯೇ? "ಎರಡೂ ಮನೇಲಿ ಅನ್ನ ಹಾಕ್ತಾರಲ್ಲ, ನಿನಗ್ಯಾಕೆ ಹೊಟ್ಟೆಕಿಚ್ಚು?" ಎನ್ನುತ್ತಿದ್ದಳು. ನಗುತ್ತಿದ್ದೆವು. ನಗುವಷ್ಟರಲ್ಲಿ ನಮ್ಮ ಕಾಲು ಗಂಟೆ ಎಲ್ಲಿ ಹೋಯಿತೆಂದು ನೋಡಲಿಲ್ಲ.

ಮ್ಹೋನೆ ಮೇಷ್ಟ್ರನ್ನು ಮನೆಗೆ ಕಳುಹಿಸಿದ್ದರು. ಆ ಕಾಲು ಗಂಟೆಯನ್ನು ಈ ದೇಶಗಳ ಕಾರ್ಯಕ್ರಮಗಳ ಜಾಹೀರಾತು ನುಂಗಿತ್ತು, ಸತ್ತವರಿಗೆ ಈಗ ಉಳಿದಿರುವುದು ಒಂದೇ ನಿಮಿಷ. ಗುರುತಿನ ಚೀಟಿಯಲ್ಲಿರುವ ಹೆಸರು, ಜಿಲ್ಲೆ, ಅಷ್ಟೇ. ಮುಂದಿನ ಹೆಣ.

ನನ್ನ ಅಕ್ಕನನ್ನು ಚಿಜುಮುಲು ದ್ವೀಪಕ್ಕೆ ಕೊಟ್ಟಿದ್ದರು. ಅವಳೂ ನ್ಯಾಲೊಂಗ್ವೆ, ನಾನೂ ನ್ಯಾಲೊಂಗ್ವೆ. ದೋಣಿಯಲ್ಲಿ ದಾಟಿ ಬಂದಾಗಲೆಲ್ಲ ನನ್ನ ಬಾಗಿಲಲ್ಲಿ ನಿಂತು ದಪ್ಪ ದನಿ ಮಾಡಿ, "ನ್ಯಾಲೊಂಗ್ವೆ ಇದಾಳಾ?" ಎಂದು ಕೇಳುತ್ತಿದ್ದಳು. ನಾನು ಒಳಗಿನಿಂದ, "ಇಲ್ಲ, ನ್ಯಾಲೊಂಗ್ವೆ ದ್ವೀಪಕ್ಕೆ ಹೋಗಿದಾಳೆ" ಎನ್ನಬೇಕು. ಮಕ್ಕಳಾಗಿ, ಮೊಮ್ಮಕ್ಕಳಾಗಿ, ಹಲ್ಲು ಬಿದ್ದರೂ ನಾವು ಈ ಆಟ ಬಿಟ್ಟಿರಲಿಲ್ಲ.

ಆ ಸಂಜೆ ನಾನೂ ನ್ಯಾಂಫಾಂಡೆಯೂ ಅಂಗಳದಲ್ಲಿ ನೆನೆಸಿದ ಮರಗೆಣಸಿನ ನಾರು ತೆಗೆಯುತ್ತಿದ್ದೆವು. ರೇಡಿಯೋ, ಶ್ರೀಮತಿ ಫೆಲಿಸಿಟಾ ಕಮಾಂಗಾ, ಲಿಕೋಮಾ ಜಿಲ್ಲೆ, ಎಂದಿತು. ನ್ಯಾಂಫಾಂಡೆ ತಲೆ ಎತ್ತಿ, "ಯಾರೇ ಅದು?" ಎಂದಳು.

"ಯಾರೋ ಕಮಾಂಗನ ಹೆಂಡ್ತಿ. ನಮ್ ದಂಡೇಲಿ ಕಮಾಂಗರಿಗೇನು ಬರವೇ? ಪಾಪ, ಯಾರ ಮನೆಯವಳೋ" ಎಂದೆ. ಆ ಬುಟ್ಟಿ ಇತ್ತ ತಳ್ಳು ಎಂದೆ. ಅಷ್ಟರಲ್ಲಿ ಏಳು ಗಂಟೆಯ ಸಂಗೀತ ಬಂತು.

ನನ್ನ ಅಕ್ಕನಿಗೆ ಹಾಗೊಂದು ಹೆಸರಿತ್ತು. ಚಿಜುಮುಲು ಲಿಕೋಮಾ ಜಿಲ್ಲೆಯದೇ, ಕಮಾಂಗಾ ಅವಳ ಗಂಡನ ಹೆಸರು, ಫೆಲಿಸಿಟಾ ಎಂಬುದು ಮದುವೆಯಾದ ಮೇಲೆ ದ್ವೀಪದ ಪಾದ್ರಿ ತಲೆಗೆ ನೀರು ಹಾಕಿ ಇಟ್ಟದ್ದು. ಎಂದೋ ಒಂದು ಸಲ ಅವಳೇ ಹೇಳಿ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡ ಹಾಗಿದೆ ಎಂದು ನಕ್ಕಿದ್ದಳು. ಅವಳನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ, ಪಾದ್ರಿಯೂ ಕರೆಯಲಿಲ್ಲ. ಗುರುತಿನ ಚೀಟಿಗೆ ಮಾತ್ರ ಅದು ನೆನಪಿತ್ತು.

ಫೋನ್ ಇರಲಿಲ್ಲವೇ ಎಂದು ಕೇಳುತ್ತೀರಿ. ದ್ವೀಪದಲ್ಲಿ ಗೋಪುರವಿದೆ. ಗೋಪುರ ಕೊಟ್ಟವರು ಒಂದು ದೇಶ, ಅದಕ್ಕೆ ಬ್ಯಾಟರಿ ಕೊಟ್ಟವರು ಇನ್ನೊಂದು ದೇಶ, ಈಗ ಆ ಎರಡು ದೇಶಗಳಿಗೆ ಮಾತಿಲ್ಲ. ಆದ್ದರಿಂದ ಗೋಪುರಕ್ಕೂ ಮಾತಿಲ್ಲ. ಮೇಲೆ ಎರಡೂ ಬಾವುಟಗಳು ಚೆನ್ನಾಗಿ ಹಾರುತ್ತಿವೆಯಂತೆ.

ಕೆಲವು ವಾರ ಕಳೆದು ದ್ವೀಪದ ದೋಣಿಗಳು ಉಸಿಪಾ ಮೀನು ತಂದವು. ನಾನು ದಂಡೆಗೆ ಹೋದೆ. ಅಕ್ಕನ ಮಗ ಮಸುಜ್ಗೊ ಮೀನು ಅಳೆಯುತ್ತಿದ್ದ. ದೂರದಿಂದಲೇ "ಮೊನಿಲೆ, ಚಿಕ್ಕಮ್ಮ" ಎಂದು ನಮಸ್ಕಾರ ಹೇಳಿ ಮತ್ತೆ ಮೀನಿನ ಕಡೆ ತಿರುಗಿದ. ಹತ್ತಿರ ಬಂದು ಮಂಡಿಯೂರಿ ಕೈ ಹಿಡಿಯುತ್ತಿದ್ದ ಹುಡುಗ ಅವನು. ತಲೆ ಬೋಳಿಸಿದ್ದ. ನಾನು ತಮಾಷೆಗೆ, ಏನೋ, ಹೇನು ಬಿದ್ದಿತ್ತೇನೋ, ನಿನ್ನಮ್ಮ ತಲೆ ನೋಡುವುದಿಲ್ಲವೇ ಎಂದುಬಿಟ್ಟೆ.

ಅವನು ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟ.

"ರೇಡಿಯೋದಲ್ಲಿ ಓದಿಸಿದ್ವಲ್ಲ, ಚಿಕ್ಕಮ್ಮ. ನಿಮಗೋಸ್ಕರ ಇನ್ನೊಂದು ದಿನ ಇಟ್ಕೊಂಡ್ವಿ. ಆ ಬಿಸಿಲಲ್ಲಿ. ದೋಣಿ ಕಂಡಾಗೆಲ್ಲ ಹೆಂಗಸ್ರು ದಂಡೆಗೆ ಓಡಿ ಬರೋರು, ತಂಗಿ ಬಂದ್ಲು ಅಂತ. ನೀವು ಬರ್ಲಿಲ್ಲ."

ನನಗೆ ಗೊತ್ತಿರಲಿಲ್ಲ ಎಂದು ಹೇಳಿದೆ. ಅವನು ನಂಬಿದ, ಆ ಮಟ್ಟಿಗೆ ಅವನು ಅಕ್ಕನ ಮಗ. ಆದರೆ ತಲೆ ತಗ್ಗಿಸಿ ಹೇಳಿದ, "ನಾನು ನಂಬಿ ಏನು ಬಂತು? ದ್ವೀಪವೆಲ್ಲ ರೇಡಿಯೋ ಕೇಳಿದೆ. ರೇಡಿಯೋ ಕೂಗಿದ್ರೂ ತಂಗಿ ಬರ್ಲಿಲ್ಲ ಅಂತ ಹಿರಿಯರು ಮಾತಾಡಿ ಮುಗಿಸಿದಾರೆ. ನೀವೀಗ ಬಂದ್ರೆ ಚಾಪೆ ಹಾಸೋರು ಯಾರು?"

ಅಳುವುದನ್ನು ಮನೆಗೆ ಬಂದು ಅತ್ತೆ. ಸಾವಿನ ಮನೆಯಲ್ಲಿ ಹತ್ತು ಜನರ ನಡುವೆ ಕುಳಿತು ಅಳುವುದು ಬೇರೆ, ಅವರೆಲ್ಲ ಅತ್ತು ಮುಗಿಸಿ ತಲೆ ಬೋಳಿಸಿಕೊಂಡು ಮೀನು ಮಾರಲು ಹೊರಟ ಮೇಲೆ ಒಬ್ಬಳೇ ಮೊದಲಿನಿಂದ ಶುರುಮಾಡುವುದು ಬೇರೆ. ನ್ಯಾಂಫಾಂಡೆ ಬಂದು ಪಕ್ಕದಲ್ಲಿ ಕುಳಿತಳು. ಬುಟ್ಟಿ ತಳ್ಳು ಎಂದು ನಾನು ಅಂದದ್ದು ಇಬ್ಬರಿಗೂ ನೆನಪಾಯಿತು, ಇಬ್ಬರೂ ಆ ಮಾತೆತ್ತಲಿಲ್ಲ.

ಮಾರನೇ ದಿನ ಗುಡ್ಡ ಹತ್ತಿದೆ. ಟಿಯೆಜ್ಗೆ ಎದ್ದು ನಿಂತು ಕುರ್ಚಿ ಕೊಟ್ಟ. ಇನ್ನೊಮ್ಮೆ ಓದು ಮಗನೇ, ಸರಿಯಾದ ಹೆಸರಿನಲ್ಲಿ, ಸರಿಯಾದ ಬಳಗದೊಂದಿಗೆ, ದ್ವೀಪದವರು ಕೇಳಲಿ ಎಂದೆ. ಅವನು ಗೋಡೆ ನೋಡಿದ.

"ಒಂದು ಸಾವು ಒಂದು ಸಲ ಅಂತ ನಿಯಮ, ಅಜ್ಜಿ. ಜಾಸ್ತಿ ಓದೋಕೆ ಹೊತ್ತೂ ಇಲ್ಲ. ಏಳಕ್ಕೆ ಸರಿಯಾಗಿ ಆಕಾಶದಿಂದ ಅವರ ಸಂಗೀತ ಬಂದ್ಬಿಡ್ತದೆ. ನಾನು ಬಾಯಿ ಮುಚ್ಚದಿದ್ರೂ ಯಂತ್ರ ಮುಚ್ತದೆ."

"ಆಕಾಶದಿಂದ ಮಳೆ ಬರ್ತದೆ ಕಣೋ. ಅದೂ ಹೇಳಿದ ಹೊತ್ತಿಗೆ ಬರಲ್ಲ" ಎಂದೆ.

ಅವನಿಗೆ ನಗು ಬರಲಿಲ್ಲ. ವೇಳಾಪಟ್ಟಿಗೆ ರಾಜಧಾನಿಯಲ್ಲಿ ಎರಡು ರಾಯಭಾರ ಕಚೇರಿಗಳ ಮುಂದೆ ನೀವು ಸಹಿ ಹಾಕಿದ್ದೀರಂತೆ. ಒಂದು ನಿಮಿಷ ಅತ್ತಿತ್ತ ಮಾಡಿದರೂ ಒಬ್ಬರು ಇನ್ನೊಬ್ಬರ ಪಕ್ಷಪಾತವೆಂದು ದೂರು ಕೊಡುತ್ತಾರಂತೆ. ನೀವು ಹೇಳಿದರೆ ಓದಬಹುದು ಎಂದ. ಅದಕ್ಕೇ ಈ ಕಾಗದ.

ಸಚಿವರೇ, ಅವರ ಸುದ್ದಿಯನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅವರು ಹೊಡೆದಾಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ಆದರೆ ಅವರಿಬ್ಬರ ಜಗಳಕ್ಕೆ ನನ್ನ ಅಂಗಳವೇ ಏಕೆ ಬೇಕು? ದಿನವೂ ಸಂಜೆ ನನ್ನ ಮನೆಗೆ ಎಷ್ಟು ಜನ ಬರುತ್ತಾರೆ ಗೊತ್ತೇ? ದೊರೆಗಳು ಬರುತ್ತಾರೆ, ಸೇನಾಪತಿಗಳು ಬರುತ್ತಾರೆ, ನಾನು ಕಾಣದ ಊರಿನ ರೈಲು ಬರುತ್ತದೆ. ಎಲ್ಲರೂ ನನ್ನದೇ ಭಾಷೆಯಲ್ಲಿ ಮಾತಾಡುತ್ತಾರೆ. ಆ ಅಷ್ಟು ಜನರಲ್ಲಿ ನನ್ನ ಹೆಸರು ಬಲ್ಲವರು ಒಬ್ಬರೂ ಇಲ್ಲ. ಮೊದಲು ಆ ಪೆಟ್ಟಿಗೆ ಹಚ್ಚಿದರೆ ಮನೆ ತುಂಬುತ್ತಿತ್ತು, ಸತ್ತವರ ಸುದ್ದಿಯಿಂದಲಾದರೂ. ಈಗ ಅದನ್ನು ಹಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತೇನೆ.

ಮೊನ್ನೆ ಒಬ್ಬ ಹುಡುಗಿ ಒಳ್ಳೆಯ ಶೂ ಹಾಕಿಕೊಂಡು ಬಂದಿದ್ದಳು. ಎರಡು ದೇಶಗಳಲ್ಲಿ ಯಾವುದೋ ಒಂದು ಕಳುಹಿಸಿತ್ತು, ಯಾವುದೆಂದು ಅವಳು ಹೇಳಬಾರದಂತೆ. "ಅಜ್ಜಿ, ನಿಮಗೆ ಯಾರ ಸುದ್ದಿ ಮೇಲೆ ಹೆಚ್ಚು ನಂಬಿಕೆ?" ಎಂದು ಕೇಳಿದಳು. ಮ್ಹೋನೆ ಮೇಷ್ಟ್ರ ಮೇಲೆ ಎಂದೆ. ಆ ದೇಶ ತನ್ನ ಪಟ್ಟಿಯಲ್ಲಿಲ್ಲ ಎಂದು, 'ಗೊತ್ತಿಲ್ಲ' ಎನ್ನುವುದರ ಮುಂದೆ ಗೀಟು ಹಾಕಿಕೊಂಡು ಹೋದಳು. ನಿಮ್ಮ ಮೇಜಿಗೆ ಆ ಲೆಕ್ಕ ಬಂದಾಗ, ಗೊತ್ತಿಲ್ಲದವರ ಸಾಲಿನಲ್ಲಿ ನಾನಿದ್ದೇನೆ ಎಂದು ತಿಳಿಯಿರಿ.

ಈಗ ನೀವು ಮಾಡಬೇಕಾದದ್ದು. ಆ ಕಾಲು ಗಂಟೆಯನ್ನು ಹಿಂದಿರುಗಿಸಿ. ಮೇಷ್ಟ್ರು ಇನ್ನೂ ಗಟ್ಟಿಯಾಗಿದ್ದಾರೆ, ಕರೆಸಿ. ಮೊದಲ ದಿನ ಓದಬೇಕಾದದ್ದನ್ನು ನಾನೇ ಬರೆದುಕೊಡುತ್ತೇನೆ, ಒಂದು ಮಾತೂ ಕಡಿಮೆ ಮಾಡಬಾರದು:

"ಸಾಂಗಾದಲ್ಲಿ ದೋಣಿ ಕೊರೆಯುತ್ತಿದ್ದ ಲೊಂಗ್ವೆಯ ಹಿರಿಯ ಮಗಳು, ಚಿಜುಮುಲುವಿನ ಕಮಾಂಗನ ಕೈಹಿಡಿದವಳು, ಮಸುಜ್ಗೊನ ತಾಯಿ ನ್ಯಾಲೊಂಗ್ವೆ ತೀರಿಕೊಂಡಿದ್ದಾಳೆ. ಅವಳ ಬೆನ್ನಿಗೆ ಹುಟ್ಟಿದ ತಂಗಿ, ಚಿಂತೆಚೆಯಲ್ಲಿರುವ ನ್ಯಾಲೊಂಗ್ವೆ, ಸುದ್ದಿ ಕೇಳಿಯೂ ಅದು ತನ್ನ ಅಕ್ಕನದೆಂದು ತಿಳಿಯದೆ ಕುಳಿತಿದ್ದಳು. ಈಗ ತಿಳಿದಿದೆ. ಅವಳು ಚಿತೆಂಜೆ ಬಿಗಿದು ಹೊರಟಿದ್ದಾಳೆ. ಚಿಜುಮುಲುವಿನ ಹಿರಿಯರು ಚಾಪೆ ಹಾಸಿಡಿ."

ನನ್ನ ಸಾವನ್ನು ಓದುವ ದಿನವೂ ದೂರವಿಲ್ಲ. ಅಂದು ದ್ವೀಪದಿಂದ ಒಂದಾದರೂ ದೋಣಿ ಬರಬೇಕಾದರೆ, ಇಂದು ನಾನು ಅಲ್ಲಿ ಹೋಗಿ ಕೂರಬೇಕು. ಜೂನ್ ಬಂತೆಂದರೆ ತೆಂಕಣದ ಮ್ವೇರಾ ಗಾಳಿ ಏಳುತ್ತದೆ, ಅದರ ಎದುರು ನನ್ನಂಥ ಮುದುಕಿಯನ್ನು ಯಾವ ದೋಣಿಯವನೂ ಹತ್ತಿಸಿಕೊಳ್ಳುವುದಿಲ್ಲ. ಆದ್ದರಿಂದ ಪರಿಶೀಲಿಸುತ್ತೇವೆ, ಸಮಿತಿ ಮಾಡುತ್ತೇವೆ ಎಂಬ ಮಾತು ಬೇಡ. ನನಗೆ ಕಾಗದ ಬರೆಯುವುದೂ ಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು, ಸಂಜೆ ಏಳಕ್ಕೆ ಮುಂಚೆ, ರೇಡಿಯೋದಲ್ಲೇ ನನಗೆ ಉತ್ತರ ಕೊಡಿ. ನಾನು ಹಚ್ಚಿಕೊಂಡೇ ಕೂತಿರುತ್ತೇನೆ.

ಇಂತಿ,
ಆ ಹೆಸರಿನವಳು ಇನ್ನು ಒಬ್ಬಳೇ ಉಳಿದಿರುವ,
ಚಿಂತೆಚೆಯ ನ್ಯಾಲೊಂಗ್ವೆ
(ಗುರುತಿನ ಚೀಟಿಯಲ್ಲಿ ಬೇರೆ ಯಾರದೋ ಹೆಸರಿದೆ, ಅವಳನ್ನು ಕೇಳಬೇಡಿ)