ಹೋಟೆಲಿನಲ್ಲಿ ಬಿಚ್ಚಿದ ಬುತ್ತಿ

ಸಿಂಧನೂರು, ಮಂಗಳವಾರ

ಗುರುಗುಂಟೆಯ ಅಕ್ಕನಿಗೆ ಶಂಕ್ರಮ್ಮನ ಶರಣು. ಅಮರೇಶ್ವರನ ದಯೆಯಿಂದ ಇಬ್ಬರೂ ಸುಸೂತ್ರವಾಗಿ ಬಂದು ಮುಟ್ಟಿದೆವು.

ಮಧ್ಯಾಹ್ನ ದವಾಖಾನೆಯಲ್ಲಿ ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯ ಸೂಜಿ ಮಾಡಿ, ಕೂಡಲೇ ಉಣ್ಣಿಸಿರಿ ಎಂದರು. ಎದುರಿನ ಹೋಟೆಲಿಗೆ ಹೋಗಿ, ನೀನು ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯ ಬುತ್ತಿ ಬಿಚ್ಚಿದೆ. ಮಾಲೀಕರು ಗೋಡೆಯ ಬೋರ್ಡು ತೋರಿಸಿದರು: ಹೊರಗಿನ ಊಟ ತರಬಾರದು. ಮಡಿಯವರಿರಬೇಕು ಎಂದುಕೊಂಡು, "ಜಳಕಾ ಮಾಡಿ ಬಡದ ರೊಟ್ಟಿ ಐತ್ರಿ, ಅಣ್ಣಾರ" ಎಂದೆ.

ಅವರು ನಕ್ಕರು. "ಮಡೀದಲ್ಲ ಯವ್ವಾ, ಯಾಪಾರದ್ದು. ಎಲ್ಲಾರೂ ಬುತ್ತಿ ಬಿಚ್ಚಿದ್ರ ನನ್ನ ಅನ್ನ ಯಾರು ಉಣ್ತಾರ?"

ಮಾತು ನ್ಯಾಯವಾದದ್ದೇ. ಆದರೆ ಇವರಿಗೆ ಅನ್ನ ಆಗದು, ಸೂಜಿಯ ಮೇಲೆ ತಡ ಮಾಡುವಂತೆಯೂ ಇರಲಿಲ್ಲ. "ನನಗೊಂದು ಊಟ ಹಾಕ್ರಿ, ಇವರು ರೊಟ್ಟಿ ಉಣ್ಣಲಿ" ಎಂದೆ. ಒಪ್ಪಿದರು.

ನಾನು ನೇಮ ಹಿಡಿದು ಹನ್ನೊಂದು ವರ್ಷ ಹೊರಗಿನ ಅನ್ನ ಮುಟ್ಟಿದವಳಲ್ಲ, ನಿನಗೆ ಗೊತ್ತು. ಆದರೆ ಎಲೆಗೆ ಬಡಿಸಿದ ಅನ್ನವನ್ನು ಬಿಟ್ಟು ಏಳುವುದು ಹೇಗೆ? ಲಿಂಗಕ್ಕೆ ತೋರಿಸಿ ಪೂರಾ ಉಂಡೆ.

ಇವರೀಗ ಆರಾಮ. ಶನಿವಾರದ ತನಕ ಇಲ್ಲಿರಬೇಕಂತೆ. ನನ್ನ ನೇಮ ಮುರಿದದ್ದನ್ನು ಮಠದ ಅಯ್ಯನವರಿಗೆ ಹೇಳಿ, ಏನು ಮಾಡಬೇಕೆಂದು ಕೇಳಿಡು. ಸಾರು ಬಹಳ ರುಚಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಅದನ್ನು ಮಾತ್ರ ಹೇಳಬೇಡ.

ನಿನ್ನ ತಂಗಿ
ಶಂಕ್ರಮ್ಮ