ಬಿಲ್ ಓದುವ ಅಕ್ಕನಿಗೆ

ಬೆಟಗೇರಿ,
ಶನಿವಾರ, ೧೨ ಜುಲೈ ೨೦೨೫

ಪ್ರೀತಿಯ ಅಮೃತಕ್ಕಾ,

ಸುಶ್ಮಿತಾಳ ನಮಸ್ಕಾರ. ಹೇಗಿದ್ದೀ? ಮೊಣಕಾಲಿನ ನೋವು ಇಳಿಯಿತೋ, ಇಲ್ಲ ತವರಿನಲ್ಲಿಯೂ ಎಲ್ಲರ ಬಟ್ಟೆ ನೀನೊಬ್ಬಳೇ ಒಗೆಯುತ್ತ ಕೂತಿದ್ದೀಯೋ? ನಿನ್ನ ತಮ್ಮನ ಹೆಂಡತಿ, ಕೂಸು ಆರಾಮ ಇದ್ದಾರೆಂದು ತಿಳಿದುಕೊಂಡಿದ್ದೇನೆ. ಕೂಸಿಗೆ ಮೂರು ತಿಂಗಳು ತುಂಬಿತಲ್ಲ, ಈಗ ಕತ್ತು ನಿಂತಿರಬೇಕು. ಇಲ್ಲಿ ನಮ್ಮ ಅತ್ತೆಗೆ ಆಷಾಢದ ಗಾಳಿಗೆ ಕೆಮ್ಮು ಹತ್ತಿತ್ತು. ಈಗ ಪರವಾಗಿಲ್ಲ, ನನ್ನನ್ನು ಬೈಯುವಷ್ಟು ದನಿ ಬಂದಿದೆ. ನನ್ನ ಮಗಳು ಅಂಕಿತಾ ಶಾಲೆಯಿಂದ ಬಂದವಳೇ ಚೀಲ ಮೂಲೆಗೆ ಒಗೆದು "ದೊಡ್ಡವ್ವ ಬಂದ್ಳೇನ?" ಎಂದು ಕೇಳುತ್ತಾಳೆ. ನಾಳೆ ಬರುತ್ತಾಳೆ ಎಂದು ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಈ ಕಾಲದಲ್ಲಿ ಯಾರಾದರೂ ಪತ್ರ ಬರೆಯುತ್ತಾರೇನೆ ಎಂದು ನಗಬೇಡ. ಫೋನು ಮಾಡಿದರೆ "ಹೂಂ, ಅರಾಮ ಅದೀನಿ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಆ "ಆಮ್ಯಾಲ" ಆರು ವಾರವಾದರೂ ಬಂದಿಲ್ಲ. ಇವರಿಗೆ ಇವತ್ತು ಮಧ್ಯಾಹ್ನ ನಿಮ್ಮೂರು ಮುಂಡರಗಿಯ ಬಸ್ಸಿನ ಡ್ಯೂಟಿ ಇದೆ, ಅವರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ನಡುವೆ ನಿಂತು ನೀವೇ ಒಂದು ಮಾತು ಹೇಳಿರಿ ಎಂದರೆ, "ನಿಮ್ಮಿಬ್ಬರ ನಡುವ ನಾ ಬರಂಗಿಲ್ಲ ಮಾರಾಯ್ತಿ, ಬಸ್ಸಿನ್ಯಾಗ ನಿಂತು ಟಿಕೀಟ ಹರಿಯೋದ ಸಾಕಾಗೈತಿ" ಎನ್ನುತ್ತಾರೆ. ಗಂಡಸರೇ ಹಾಗೆ ಬಿಡು.

ಕೇಳಬೇಕಾದ ಮಾತು ಹೀಗಿದೆ. ನಮ್ಮ ಹಳೆಯ ಲೆಕ್ಕದ ಸಾಫ್ಟ್‌ವೇರನ್ನು ಇನ್ನು ಮುಂದೆ ನೋಡಿಕೊಳ್ಳುವುದಿಲ್ಲ ಎಂದು ಅದನ್ನು ಮಾರಿದವರು ಕೈ ಎತ್ತಿದ್ದು ನೀನಿದ್ದಾಗಲೇ ಗೊತ್ತಾಗಿತ್ತಲ್ಲ. ಹೊಸದು ಕೊಳ್ಳಲೇಬೇಕು. ಒಂದೂವರೆ ತಿಂಗಳು ಪುಕ್ಕಟೆ ಬಳಸಿ ನೋಡಿರಿ ಎಂದು ಆ ಮಾರಾಟದ ಹುಡುಗ ಗವಿಸಿದ್ದೇಶ ಹಾಕಿಕೊಟ್ಟದ್ದು ಬರುವ ಮಂಗಳವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಇದೋ ಅದೋ ಹೇಳಬೇಕು. ಭಾವ ತೀರಿಕೊಂಡ ಮರುವರ್ಷ, ಅವರು ಸ್ಕೂಟರಿನ ಮೇಲೆ ತಿರುಗಿ ನೋಡಿಕೊಳ್ಳುತ್ತಿದ್ದ ಅಂಗಡಿಗಳ ಲೆಕ್ಕವನ್ನು ನೀನು ಮನೆಗೆ ತಂದೆ. ನಡುಮನೆಯಲ್ಲಿ ಮೇಜು ಹಾಕಿ, ಈ ಮನೆಗೆ ನಿನಗಿಂತ ಹದಿನಾಲ್ಕು ವರ್ಷ ತಡವಾಗಿ ಸೊಸೆಯಾಗಿ ಬಂದ ನನ್ನನ್ನು ಎದುರಿಗೆ ಕೂರಿಸಿಕೊಂಡೆ. ಅಂದಿನಿಂದ ನಾಲ್ಕು ವರ್ಷ ನೀನು ಬಿಲ್ ಓದಿದೆ, ನಾನು ಟೈಪು ಮಾಡಿದೆ. ನೀನು ಒಂದು ಸಾಲು ಓದಿ ನನ್ನ "ಹೂಂ" ಕೇಳುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ಪೆನ್ನು ತರುವಾಗಲೂ ನಿನ್ನನ್ನು ಕೇಳಿದವಳು ನಾನು. ಇಷ್ಟು ದೊಡ್ಡದನ್ನು ಒಬ್ಬಳೇ ಹೇಗೆ ಆರಿಸಲಿ?

ತಲೆ ಚಿಟ್ಟು ಹಿಡಿದುಹೋಗಿದೆ. ಲಕ್ಷ್ಮೇಶ್ವರದ ಬಳೆ ಅಂಗಡಿಯ ತಸ್ಲೀಮ ತನ್ನ ಫೋನಿನಲ್ಲಿರುವುದನ್ನೇ ಹಾಕಿಕೊಳ್ಳಿ ಎನ್ನುತ್ತಾಳೆ. "ಪುಕ್ಕಟ ಐತಿ ಅಕ್ಕಾರ, ಒಂದು ಪೈಸಾ ಖರ್ಚಿಲ್ಲ." ಖರ್ಚಿಲ್ಲ ಎನ್ನುವುದು ಖರೆ. ಆದರೆ ಹನ್ನೊಂದು ಅಂಗಡಿಗಳ ಲೆಕ್ಕವನ್ನು ಅಂಗೈಯಗಲದ ಪರದೆಯ ಮೇಲೆ ನೋಡಿದರೆ ಉಳಿದ ದುಡ್ಡೆಲ್ಲ ಕಣ್ಣಿನ ಡಾಕ್ಟರಿಗೆ ಹೋಗುತ್ತದೆ. ಇನ್ನೊಂದು, ಒಮ್ಮೆಲೇ ದುಡ್ಡು ಕೊಟ್ಟು ಕಂಪ್ಯೂಟರಿನಲ್ಲಿ ಹಾಕಿಸಿಕೊಳ್ಳುವಂಥದು. ಇಂಟರ್ನೆಟ್ಟು ಹೋದರೂ ಚಿಂತೆಯಿಲ್ಲ, ಆದರೆ ಕಂಪ್ಯೂಟರು ಕೆಟ್ಟರೆ ಎಲ್ಲ ಹೋಯಿತು. ನಮ್ಮ ಕಂಪ್ಯೂಟರಿನ ಅವಸ್ಥೆ ನಿನಗೆ ಗೊತ್ತಿದೆ, ಅದು ಶುರುವಾಗುವಷ್ಟರಲ್ಲಿ ಒಂದು ಕುಕ್ಕರು ಅನ್ನ ಇಳಿದಿರುತ್ತದೆ. ಮೂರನೆಯದು ಗವಿಸಿದ್ದೇಶನದು, ತಿಂಗಳ ಬಾಡಿಗೆ, ಎಲ್ಲವೂ ಇಂಟರ್ನೆಟ್ಟಿನಲ್ಲಿ. ಕೊಂಡರೆ ಇದನ್ನೇ ಕೊಳ್ಳಬೇಕೆಂದು ನನಗೂ ಅನ್ನಿಸುತ್ತದೆ, ತಲೆನೋವು ಇರುವುದೂ ಇದರಲ್ಲೇ. ನಮ್ಮ ಕೈಗೆಟುಕುವ ದರಕ್ಕೆ ಅವರು ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತಾರೆ. ಬಿಲ್ಲಿನ ಫೋಟೊ ಹೊಡೆದರೆ ಅದೇ ಓದಿ ಅದೇ ಬರೆದುಕೊಳ್ಳುವ ಸೌಕರ್ಯ, ಇಲ್ಲವೇ ಇನ್ನೊಬ್ಬರೂ ಕೂತು ಕೆಲಸ ಮಾಡುವುದಕ್ಕೆ ಎರಡನೆಯ ಹೆಸರು. ಎರಡೂ ಬೇಕೆಂದರೆ ಬಾಡಿಗೆಯೇ ನಮ್ಮ ಗಳಿಕೆಯ ಕಾಲುಭಾಗ ತಿಂದುಹಾಕುತ್ತದೆ. ಫೋಟೊ ಬೇಕೋ, ಮನುಷ್ಯರು ಬೇಕೋ ಎಂದು ಕೇಳಿದ ಹಾಗಾಯಿತು ನೋಡು.

ಈ ಒಂದೂವರೆ ತಿಂಗಳು ಫೋಟೊದ್ದನ್ನೇ ಬಳಸಿದೆ. ಮೊದಲ ವಾರ ಖುಷಿಯಾಗಿದ್ದೆ, ನಿನ್ನ ಮುಂದೆ ಸುಳ್ಳು ಯಾಕೆ ಹೇಳಲಿ. ಬಿಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ಟಕಟಕ ಫೋಟೊ ಹೊಡೆದು, ಹನ್ನೊಂದು ಗಂಟೆಗೆಲ್ಲ ರೊಟ್ಟಿ ಬಡಿಯಲು ಏಳುತ್ತಿದ್ದೆ. ಮೊನ್ನೆ ಜೂನ್ ತಿಂಗಳ ಖರೀದಿಯ ಪಟ್ಟಿ ಕಳಿಸಿದ ಮೇಲೆ ಶಿರಹಟ್ಟಿಯ ಹಾರ್ಡ್‌ವೇರ್ ಅಂಗಡಿಯ ಪುಂಡಲೀಕಪ್ಪನವರ ಫೋನು ಬಂತು. "ಏನವಾ ತಂಗಿ, ಈ ತಿಂಗಳ ನಾ ಪೈಪು, ಮೊಳಿ, ಬಣ್ಣ ಎಲ್ಲಾ ವೀರಭದ್ರ ದೇವರ ಕಡಿಂದನ ತರಸೇನೇನು? ದೇವರು ಯಾವಾಗ ಜಿಎಸ್‌ಟಿ ನಂಬರ ತಗೊಂಡಾನ?" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ತೆಗೆದು ನೋಡಿದರೆ ಹೌದು! ಬಿಲ್ಲಿನ ನೆತ್ತಿಯ ಮೇಲೆ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಎಂದು ಅಚ್ಚು ಹಾಕಿಸಿರುತ್ತಾರಲ್ಲ, ಆ ಯಂತ್ರ ಅದನ್ನೇ ಅಂಗಡಿಯ ಹೆಸರೆಂದು ತಿಳಿದುಕೊಂಡಿದೆ. ಹುಬ್ಬಳ್ಳಿಯವನು, ಗದಗಿನವನು, ಲಕ್ಷ್ಮೇಶ್ವರದವನು, ಹೀಗೆ ಒಂಬತ್ತು ವ್ಯಾಪಾರಿಗಳು ಒಂದಾಗಿ ವೀರಭದ್ರ ದೇವರಾಗಿ ಕೂತಿದ್ದಾರೆ. ನೀನಾದರೆ ಆ ಸಾಲಿಗೆ ಬೆರಳು ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಕೆಳಗಿನ ಹೆಸರು ಓದುತ್ತಿದ್ದೆ. ದೇವರು ಎಲ್ಲಿಗೆ ಮುಗಿದ, ಅಂಗಡಿ ಎಲ್ಲಿಂದ ಶುರುವಾಯಿತು ಎಂದು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಎರಡು ದಿನ ಒಂದೊಂದೇ ಬಿಲ್ ಬಿಡಿಸಿ ಸರಿ ಮಾಡುತ್ತ ಕೂತಾಗ ಅಳು ಬಂತು.

ಇಷ್ಟಾದ ಮೇಲೆ ಯಂತ್ರದ ಮೇಲೆ ನಂಬಿಕೆ ಹೋಯಿತು. ಮಾರಾಟದ ಲೆಕ್ಕವನ್ನು ಹನ್ನೊಂದನೇ ತಾರೀಖಿನೊಳಗೆ ತೆರಿಗೆಯವರಿಗೆ ಕಳಿಸಬೇಕಿತ್ತು, ಅದನ್ನು ಕೈಯಿಂದಲೇ ಟೈಪು ಹೊಡೆದೆ. ಒಬ್ಬಳೇ ಓದಿ ಒಬ್ಬಳೇ ಹೊಡೆಯುವುದು ಎಂಥ ಶಿಕ್ಷೆ ಎಂದು ನಿನಗೆ ಗೊತ್ತಿಲ್ಲ. ಬಿಲ್ ನೋಡಿ ಪರದೆಯತ್ತ ತಿರುಗುವಷ್ಟರಲ್ಲಿ ಅಂಕಿ ಮರೆತಿರುತ್ತದೆ, ಅಂಕಿ ಹೊಡೆದು ತಿರುಗುವಷ್ಟರಲ್ಲಿ ಬಿಲ್ ಗಾಳಿಗೆ ಹಾರಿರುತ್ತದೆ. ಕತ್ತು ಮರದ ಕೊರಡಿನ ಹಾಗೆ ಬಿಗಿದುಕೊಂಡಿತು. ನನ್ನ ಫಜೀತಿ ನೋಡಲಾರದೆ ಗುರುವಾರ ಅತ್ತೆ ಕನ್ನಡಕ ಹಾಕಿಕೊಂಡು ನಿನ್ನ ಜಾಗದಲ್ಲಿ ಬಂದು ಕೂತರು. ನಾಲ್ಕನೆಯ ಇಯತ್ತೆಯ ಓದು, ಒಂದಕ್ಷರ ಬಿಡುವವರಲ್ಲ. ದೇವರಿಂದ ಹಿಡಿದು, ಊರು, ಓಣಿ, ಫೋನ್ ನಂಬರು, ಕೊನೆಗೆ "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂಬುದನ್ನೂ ಓದಿ, "ಯಾಕ ತಗೊಳ್ಳಂಗಿಲ್ಲಂತ? ಮಾಲು ಕೆಟ್ಟಿದ್ರ ಮಂದಿ ಏನ ಮಾಡಬೇಕು?" ಎಂದು ನನ್ನ ಜೊತೆ ಜಗಳಕ್ಕೆ ನಿಂತರು, ಅಂಗಡಿ ನನ್ನದೇ ಎಂಬಂತೆ. ಒಂದು ತಾಸಿನಲ್ಲಿ ಆರು ಬಿಲ್ ಮುಗಿದವು.

ಆರನೆಯದನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಅತ್ತೆ ನನ್ನ ಮುಖವನ್ನೇ ನೋಡಿದರು. "ಅಮೃತಾ ಬಾಣಂತನ ಮಾಡಾಕ ಹೋಗ್ಯಾಳಂತ ತಿಳದಿಯೇನ ಹುಚ್ಚಿ? ಕೂಸು ಹುಟ್ಟಿ ಒಂದೂವರಿ ತಿಂಗಳಾದ ಮ್ಯಾಲ ಯಾರರೆ ಬಾಣಂತನ ಮಾಡಾಕ ಹೋಗ್ತಾರೇನ?" ಎಂದರು.

ಆಮೇಲೆ ಎಲ್ಲ ನೆನಪಾಯಿತು. ಗವಿಸಿದ್ದೇಶ ಮೊದಲ ಸಲ ಇದನ್ನು ತೋರಿಸಲು ಬಂದ ದಿನ ಒಂದು ಬಿಲ್ಲಿನ ಫೋಟೊ ಹೊಡೆದು, "ಇದೊಂದು ಇದ್ರ ಓದಾಕ ಇನ್ನೊಬ್ರು ಬೇಕಾಗಂಗಿಲ್ರಿ ಮೇಡಂ, ಒಬ್ರ ಸಾಕು" ಎಂದ. ನಾನು "ಹೌದ್ರಿ? ಹಂಗಾದ್ರ ಜಲ್ದಿ ಹಾಕಿಕೊಡ್ರಿ" ಎಂದೆ. ನೀನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚಹಾ ಇಟ್ಟು ಒಳಗೆ ಹೋದೆ. ಮೂರನೆಯ ದಿನ ತಮ್ಮನ ಹೆಂಡತಿಯ ಬಾಣಂತನವೆಂದು ಹೇಳಿ ಚೀಲ ಕಟ್ಟಿದೆ. ನಾನು ಕೂಸಿಗೆಂದು ಕುಲಾಯಿ ಕೊಟ್ಟು, ನಗುನಗುತ್ತ ಬಸ್ಸಿಗೆ ಹತ್ತಿಸಿ ಬಂದೆ, ಮುಠ್ಠಾಳಿ. ನಿನ್ನ ಮೊಣಕಾಲಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಎಂದು ಹಾಗೆ ಅಂದೆ ಅಂತ ಬರೆಯೋಣವೆಂದುಕೊಂಡಿದ್ದೆ. ಅದು ಖರೆಯಲ್ಲ ಅಕ್ಕಾ. ಆ ದಿನ ನನಗೆ ದಣಿವಾಗಿತ್ತು, ಕೆಲಸ ಬೇಗ ಮುಗಿದರೆ ಸಾಕಾಗಿತ್ತು. ನೀನು ನನ್ನ ತಲೆಯಲ್ಲಿ ಇರಲೇ ಇಲ್ಲ. ಅದೇ ನನ್ನ ತಪ್ಪು. ಗಂಡ ಹೋದ ಮೇಲೆ ಈ ಮನೆಯಲ್ಲಿ ಕೂತು ಉಣ್ಣುತ್ತಾಳೆಂದು ಯಾರೂ ಅನ್ನಬಾರದು ಎಂದೇ ನೀನು ಆ ಮೇಜು ಹಾಕಿದ್ದೆ. ಅದನ್ನು ಒಂದು ದಿನ ನೀನು ನನ್ನೊಬ್ಬಳ ಮುಂದೆಯೇ ಹೇಳಿದ್ದೆ. ಅಷ್ಟು ಗೊತ್ತಿದ್ದ ನಾನೇ ನಿನ್ನನ್ನು ಅಲ್ಲಿಂದ ಎಬ್ಬಿಸಿದ ಹಾಗಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನಿಂದ ತಪ್ಪಾಯಿತು, ಕ್ಷಮಿಸು.

ನಿಮ್ಮೂರಿನ ಬೀಜದಂಗಡಿಯ ಸಕ್ರಪ್ಪ ಬುಧವಾರ ಬಿಲ್ ಕೊಡಲು ಬಂದಿದ್ದರು. ನಿನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಕಂಡರಂತೆ. "ಅಕ್ಕಾರು ಭಾಳ ಸೊರಗ್ಯಾರ್ರಿ" ಎಂದರು. ಆ ಮಾತು ಕೇಳಿದಂದಿನಿಂದ ನನಗೆ ಊಟ ಸೇರುತ್ತಿಲ್ಲ. ಇಲ್ಲಿ ನಾನೂ ದಪ್ಪಗಾಗಿಲ್ಲ ಎಂದು ತಿಳಿದುಕೋ. ಬೆನ್ನು, ಕತ್ತು, ಕಣ್ಣು ಸೇರಿ ಮುಷ್ಕರ ಹೂಡಿವೆ. ದಣಿವು ಕೆಲಸದ್ದೋ, ಮಾತಾಡಲು ಎದುರಿಗೆ ಯಾರೂ ಇಲ್ಲದ್ದರದೋ ಗೊತ್ತಾಗುತ್ತಿಲ್ಲ.

ಆದ್ದರಿಂದ ಮಂಗಳವಾರದೊಳಗೆ ಯಾವುದನ್ನು ತೆಗೆದುಕೊಳ್ಳಬೇಕೆಂದು ಒಂದು ಮಾತು ತಿಳಿಸು. ನೀನು ಬೈದು ತಿಳಿಸಿದರೂ ನಡೆಯುತ್ತದೆ. ನಿಮ್ಮ ಅವ್ವನಿಗೆ ನನ್ನ ಶರಣು ಹೇಳು, ಕೂಸಿಗೆ ದೃಷ್ಟಿ ತೆಗೆ. ಅತ್ತೆ ನಿನಗೆಂದು ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದಾರೆ, ತಮ್ಮನಿಗೇ ಎಲ್ಲ ಬಡಿಸಿಬಿಡಬೇಡ. ಬಿಸಿಲಿಗೆ ಬರಿತಲೆಯಲ್ಲಿ ತಿರುಗಬೇಡ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲೆ ಇರಲಿ.

ನಿನ್ನ ಬೆನ್ನಿಗೆ ಹುಟ್ಟದಿದ್ದರೂ ತಂಗಿಯೇ ಆದ,
ಸುಶ್ಮಿತಾ

ತಾ.ಕ.: ಇವರು ಚೀಲ ಹೆಗಲಿಗೆ ಹಾಕಿಕೊಂಡು "ಬಸ್ಸು ನಿನ್ನ ಸಲುವಾಗಿ ನಿಲ್ಲಂಗಿಲ್ಲ" ಎನ್ನುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಯಾವುದನ್ನು ತೆಗೆದುಕೊಳ್ಳಲಿ ಎಂದು ಮೇಲೆ ಕೇಳಿದ್ದು ಸುಳ್ಳು. ಇವತ್ತು ಮುಂಜಾನೆಯೇ ತೆಗೆದುಕೊಂಡೆ, ಫೋಟೊ ಬಿಟ್ಟು ಇಬ್ಬರ ಹೆಸರಿನದನ್ನು. ಆಷಾಢದಲ್ಲಿ ಹೊಸ ಕಸಬರಿಗೆಯನ್ನೂ ತರಲು ಬಿಡದ ಅತ್ತೆ "ಅಕಿ ಹೆಸರಿಲೆ ತಗೋ, ಏನಾಗಂಗಿಲ್ಲ" ಎಂದರು. ಮಾಲೀಕರು ಎಂದು ಕೇಳಿದಲ್ಲಿ ನಿನ್ನ ಹೆಸರನ್ನೂ ನಿನ್ನ ಫೋನ್ ನಂಬರನ್ನೂ ಹಾಕಿದ್ದೇನೆ. ಈ ಅಂಗಡಿಗಳ ಲೆಕ್ಕ ಭಾವನದು, ಅವರ ನಂತರ ನಿನ್ನದು. ಈಗ ನನ್ನ ಹೆಸರಿನಿಂದ ತೆರೆಯಲು ಹೋದರೂ ಪ್ರತಿ ಸಲವೂ ಆರು ಅಂಕಿಯ ಸಂಖ್ಯೆ ನಿನ್ನ ಫೋನಿಗೇ ಹೋಗುತ್ತದೆ. ಮುಂಜಾನೆಯಿಂದ ನಿನಗೆ ಬಂದಿರುವ ಏಳೆಂಟು ಮೆಸೇಜು ಮೋಸಗಾರರವಲ್ಲ, ನನ್ನವು. ಹನ್ನೊಂದು ಅಂಗಡಿಗಳ ಲೆಕ್ಕ ಒಳಗಿದೆ, ನಾನು ಹೊರಗಿದ್ದೇನೆ, ಇಪ್ಪತ್ತಕ್ಕೆ ತೆರಿಗೆಯ ಲೆಕ್ಕ ಕಳಿಸಬೇಕು. ಗವಿಸಿದ್ದೇಶ "ಐದ ನಿಮಿಷದಾಗ ನಿಮ್ಮ ನಂಬರ ಹಾಕಿಕೊಡ್ತೀನ್ರಿ" ಎಂದ. ಮುಟ್ಟಬೇಡ ಎಂದು ಹೇಳಿ ಕಳಿಸಿದೆ.