ಆ ತಿರುವು ದಾಟಿದರೆ ಆಯಿತು

ಅಪ್ಪಾ,

ಮಂಡಿ ಆಪರೇಷನ್ ಆದಮೇಲೆ ವ್ಯಾಯಾಮ ಮಾಡಲ್ಲ ಅಂತ ಹಟ ಹಿಡಿದಿದ್ದೀರಂತೆ. ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿ ದೂರಿದರು.

ನಿನ್ನೆ ಅಮ್ಮನನ್ನು ನಿಮ್ಮ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಕೆರೆ ಕಾಣುವ ಬಂಡೆಯ ಮೇಲೆ ನಿಮಗೂ ಜಾಗ ಬಿಟ್ಟು ಕೂತಳು. "ಇನ್ನು ನನ್ನ ಕೈಲಾಗಲ್ಲ, ಇಳಿಯೋಣ" ಅಂದಳು. ಪ್ರತಿ ಸಲ ಅಲ್ಲಿ ನೀವು ಹೇಳುವ ಸುಳ್ಳನ್ನೇ ನಾನೂ ಹೇಳಿದೆ: "ಆ ತಿರುವು ದಾಟಿದರೆ ಆಯಿತು, ಬಾ." ಅದರಾಚೆ ಇನ್ನೂ ಎಷ್ಟು ತಿರುವುಗಳಿವೆ ಅಂತ ಅವಳಿಗೆ ಗೊತ್ತಿಲ್ಲವೇ? ಆದರೂ ನಕ್ಕು ಎದ್ದಳು.

ತುದಿ ಮುಟ್ಟಿದ ಮೇಲೆ ಕೆರೆಯನ್ನೇ ನೋಡುತ್ತಾ, "ನಿಮ್ಮಪ್ಪ ಮತ್ತೆ ಇಲ್ಲಿಗೆ ಬರ್ತಾರಾ?" ಅಂತ ಕೇಳಿದಳು. ನನ್ನ ಬಾಯಿಗೆ ಅದೇ ಮಾತು ಬಂತು. ಈ ಸಲ ಅವಳು ನಗಲಿಲ್ಲ, ನಂಬಿಬಿಟ್ಟಳು.

ಅದಕ್ಕೇ ಹೇಳ್ತಿದ್ದೀನಿ, ನಾಳೆ ಸಿಸ್ಟರ್ ಬಂದಾಗ ತೆಪ್ಪಗೆ ಕಾಲು ಮಡಿಸಿ.

ನಿಮ್ಮ ಬಾಲವಾಗಿಯೇ ಬೆಳೆದ,
ಮಗಳು